ಕಾಣದ ಕಡೆ ನಾನು ತುಂಬಿದ ಸಾಲು

ನನ್ನ ಬಲಗೈಯ ಮಣಿಕಟ್ಟು ಮುಷ್ಕರ ಹೂಡಿ ನಾಲ್ಕು ವರ್ಷವಾಗಿತ್ತು. ಹದಿನೆಂಟು ವರ್ಷ ಮೈಸೂರಿನಲ್ಲಿ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೀಲಿಮಣೆ ಕುಟ್ಟಿದ ಕೈ ಅದು. ಗಂಡನ ಕೆಲಸದ ಹಿಂದೆ ಮಲೇಷ್ಯಾದ ಪೆನಾಂಗಿಗೆ ಬಂದು ಬಯಾನ್ ಲೆಪಾಸ್‌ನ ಈ ಹನ್ನೊಂದನೇ ಮಹಡಿಯಲ್ಲಿ ನೆಲೆಯೂರಿದ ಮೇಲೂ ಕೈಗೆ ಬಿಡುವು ಸಿಗಲಿಲ್ಲ. ಇಲ್ಲಿನ ಕನ್ನಡದವರ ಆಮಂತ್ರಣ ಪತ್ರ, ವರದಿ, ಮಕ್ಕಳ ನಾಟಕದ ಪ್ರತಿ ಎಲ್ಲವೂ ನನ್ನ ತಲೆಗೇ ಬೀಳುತ್ತಿದ್ದವು. "ಆಂಟಿ, ನಿಮಗೆ ಕನ್ನಡ ಟೈಪಿಂಗ್ ಬರುತ್ತಲ್ವಾ" ಅನ್ನುವುದು ನಮ್ಮವರ ಬಾಯಲ್ಲಿ "ನಿಮಗೆ ಬೇರೇನು ಕೆಲಸ" ಅನ್ನುವುದರ ಮರ್ಯಾದೆಯ ರೂಪ. ಡಾಕ್ಟರು ಕೈಗೆ ಪಟ್ಟಿ ಕಟ್ಟಿ, ಇನ್ನು ಸಾಕು ಮಾಡಿ ಅಂದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು.

ಹಾಗಾಗಿ ಏಳನೇ ಮಹಡಿಯ ಹುಡುಗಿ ಒಂದು ಭಾನುವಾರ ಬೆಳಿಗ್ಗೆ ಬಾಗಿಲಿಗೆ ಬಂದು, "ಆಂಟಿ, ಒಂದು ಹೆಲ್ಪ್ ಬೇಕಿತ್ತು" ಅಂದಾಗ ನಾನು ಮೊದಲು ತೋರಿಸಿದ್ದು ಪಟ್ಟಿ ಕಟ್ಟಿದ ಕೈಯನ್ನೇ. ಹುಡುಗಿ ಅಂದೆ, ಮೂವತ್ತೈದರ ಹತ್ತಿರದವಳು. ಇಲ್ಲಿನ ಚಿಪ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರು, ಒಬ್ಬಳೇ ಇದ್ದಾಳೆ. ತಿಂಗಳ ಹಿಂದೆ ಅವಳ ಅಕ್ಕ ತೀರಿಕೊಂಡಿದ್ದರು. ಊರಿಗೆ ಹೋಗಿ ಬಂದ ಮೇಲೆ ಅವಳು ಲಿಫ್ಟಿನಲ್ಲಿ ಸಿಕ್ಕರೂ ನೆಲ ನೋಡುತ್ತಾ ನಿಲ್ಲುತ್ತಿದ್ದಳು. ಕೈ ತೋರಿಸಿದ ತಕ್ಷಣ ನನಗೇ ನಾಚಿಕೆಯಾಗಿ ಒಳಗೆ ಕರೆದೆ.

"ಟೈಪ್ ಮಾಡೋದು ಬೇಡ ಆಂಟಿ. ಫೋಟೋ ಹಾಕಿದ್ರೆ ಆ್ಯಪೇ ಟೆಕ್ಸ್ಟ್ ಮಾಡಿ ಕೊಡುತ್ತೆ. ಆದ್ರೆ ಏನೇನೋ ಕೊಡ್ತಿದೆ. ಸರಿಯೋ ತಪ್ಪೋ ನೋಡೋಕೆ ನನಗೆ ಬರಲ್ಲ. ನೀವು ಜಸ್ಟ್ ಕರೆಕ್ಟ್ ಮಾಡಿ ಕೊಟ್ರೆ ಸಾಕು" ಅಂದಳು.

ಫೋನಿನಲ್ಲಿ ಹದಿನಾಲ್ಕು ಫೋಟೋಗಳಿದ್ದವು. ಕಾಗದದ ಫೋಟೋ ಇರಬೇಕು ಅಂದುಕೊಂಡು ಕನ್ನಡಕ ಹಾಕಿ ನೋಡಿದರೆ ಎಲ್ಲವೂ ಶಾಲೆಯ ಕರಿಹಲಗೆ. ಸೀಮೆಸುಣ್ಣದಲ್ಲಿ ಬರೆದದ್ದು, ಒಂದೊಂದರಲ್ಲಿ ಎಂಟೋ ಒಂಬತ್ತೋ ಸಾಲು. ಧಾರವಾಡದ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಅಕ್ಕ ಟೀಚರಾಗಿದ್ದರು. ಶನಿವಾರ ಬೆಳಗಿನ ಶಾಲೆ ಬಿಟ್ಟು ಮಕ್ಕಳೆಲ್ಲ ಹೋದ ಮೇಲೆ, ಪುರುಸೊತ್ತಿದ್ದ ವಾರ, ಬೋರ್ಡಿನ ಮೇಲೆ ತಂಗಿಗೆ ಪತ್ರ ಬರೆದು, ಫೋಟೋ ತೆಗೆದು ಕಳಿಸಿ, ಒರೆಸಿ ಮನೆಗೆ ಹೋಗುತ್ತಿದ್ದರಂತೆ. "ಮನೇಲಿ ಜನ ಜಾಸ್ತಿ ಆಂಟಿ. ಅತ್ತೆ ಮಾವ, ಮೈದುನನ ಮಕ್ಕಳು. ಕೂತು ಬರೆಯೋಕೆ ಜಾಗ ಇಲ್ಲ, ಅದಕ್ಕೇ ಇರ್ಬೇಕು" ಅಂದಳು. ಅಂದರೆ ಈ ಪತ್ರಗಳಿಗೆ ಮೂಲ ಅನ್ನುವುದೇ ಇಲ್ಲ. ಇರುವುದು ಫೋಟೋ ಮಾತ್ರ, ಅದೂ ಹಳೆಯ ಫೋನಿನದು, ಕಳಿಸುವಾಗ ಇನ್ನಷ್ಟು ಸೊರಗಿದ್ದು.

ಅಕ್ಕನಿಗೂ ಇವಳಿಗೂ ಹದಿನಾಲ್ಕು ವರ್ಷದ ಅಂತರ. ತಾಯಿ ಬೇಗ ಹೋದ್ದರಿಂದ ಅಕ್ಕನೇ ಸಾಕಿದ್ದು. ಆರು ವರ್ಷವಾದಾಗ ಅಕ್ಕನೇ ಹಟ ಹಿಡಿದು ಇವಳನ್ನು ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಕಳಿಸಿ ಇಂಗ್ಲಿಷ್ ಶಾಲೆಗೆ ಹಾಕಿಸಿದರು. ಅಲ್ಲಿ ಹಿಂದಿ, ಸಂಸ್ಕೃತ ತಗೊಂಡದ್ದರಿಂದ ಇವಳಿಗೆ ಕನ್ನಡದ ಓದು ಸಿಟಿ ಬಸ್ಸಿನ ಬೋರ್ಡಿನ ಮಟ್ಟಕ್ಕೇ ನಿಂತಿತು. ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಕನ್ನಡ ಶಾಲೆಯ ಟೀಚರ ತಂಗಿಗೇ ಕನ್ನಡ ಓದಲು ಬಾರದು.

"ಅದಕ್ಯಾಕಮ್ಮ ಟೆಕ್ಸ್ಟು ಗಿಕ್ಸ್ಟು? ನಾನೇ ಓದಿ ಹೇಳ್ತೀನಿ, ಕೂತ್ಕೋ" ಅಂದೆ.

ಅವಳು ತಲೆ ಅಲ್ಲಾಡಿಸಿದಳು. "ನೀವು ಓದಿದ್ರೆ ನಿಮ್ಮ ವಾಯ್ಸ್ ತಲೇಲಿ ಉಳ್ಕೊಳುತ್ತೆ ಆಂಟಿ. ನಾನೇ ಓದ್ಬೇಕು. ಟೈಪ್ ಆಗಿದ್ರೆ ದೊಡ್ಡದು ಮಾಡ್ಕೊಂಡು, ಗೊತ್ತಾಗದ ವರ್ಡ್ ಮೇಲೆ ಒತ್ತಿ ಅರ್ಥ ನೋಡ್ಕೊಂಡು, ಹೇಗೋ ಓದ್ಕೋತೀನಿ."

ಆ ದಿನ ಅವಳು ನನಗೆ ಹೇಳದೆ ಉಳಿಸಿಕೊಂಡ ಮಾತೊಂದಿತ್ತು. ಅದನ್ನು ಓದುವವರಿಗೆ ನಾನು ಈಗಲೇ ಹೇಳಿಬಿಡುತ್ತೇನೆ. ನನಗೂ ಯಾರಾದರೂ ಆಗಲೇ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ಹದಿನಾಲ್ಕು ಪತ್ರಗಳಲ್ಲಿ ಒಂದನ್ನೂ ಅವಳು ಓದಿರಲಿಲ್ಲ. ಫೋಟೋ ಬಂದ ಕೂಡಲೇ ಒಂದು ಕೆಂಪು ಹೃದಯ ಕಳಿಸುವುದು, ಭಾನುವಾರ ಫೋನಿನಲ್ಲಿ "ಓದಿದೆ ಅಕ್ಕಾ, ಸೂಪರ್" ಅನ್ನುವುದು, ಅಷ್ಟೇ. ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿದಾಗ ಅಕ್ಕ ತಮ್ಮ ಗಂಡನಿಗೆ, 'ತಂಗಿಗೆ ನೀವು ಯಾರೂ ಹೇಳಬೇಡಿ, ಫೋನಿನಲ್ಲಿ ಹೇಳಿದರೆ ಅಳುತ್ತಾಳೆ, ನಾನೇ ಬರೆಯುತ್ತೇನೆ' ಅಂದಿದ್ದರಂತೆ. ಆ ಶನಿವಾರ ಹದಿನಾಲ್ಕನೆಯ ಫೋಟೋ ಬಂತು. ಇವಳು ಹೃದಯ ಒತ್ತಿದಳು. ಮೂರು ವಾರಕ್ಕೆ ಅಕ್ಕ ಆಸ್ಪತ್ರೆ ಸೇರಿದರು. ಇವಳು ಎರಡು ವಿಮಾನ, ಒಂದು ರೈಲು ಹಿಡಿದು ಊರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ತುಂಬಿದ ಮನೆಯಲ್ಲಿ ಭಾವ ಎಲ್ಲರೆದುರು ಕೇಳಿದರು: "ಅಕಿ ನಿನಗ ಬರದಿದ್ಲಲ್ಲ, ಮೂರ ವಾರ ಆತು. ಯಾಕ ಬರಲಿಲ್ಲವಾ?" ಇವಳು ಯೋಚಿಸದೆ, "ಅದರಲ್ಲಿ ಹಾಗೇನೂ ಬರೆದಿರಲಿಲ್ಲ ಭಾವ" ಅಂದುಬಿಟ್ಟಳು.

ಆಡಿದ ಮಾತು ನಿಜವೋ ಸುಳ್ಳೋ ಅವಳಿಗೇ ಗೊತ್ತಿರಲಿಲ್ಲ. ಪೆನಾಂಗಿಗೆ ವಾಪಸಾದ ಮೇಲೆ ಧೈರ್ಯ ಮಾಡಿ ಆ ಫೋಟೋ ತೆಗೆದು ಅಕ್ಷರ ಅಕ್ಷರ ಕೂಡಿಸಲು ನೋಡಿದಳಂತೆ, ಆಗಲಿಲ್ಲ. ಅಕ್ಕ ಕರೆದಿದ್ದಳೋ ಇಲ್ಲವೋ? ಅವಳಿಗೆ ಬೇಕಾಗಿದ್ದುದು ಅದೊಂದೇ. ಉಳಿದ ಹದಿಮೂರು ಪತ್ರ ಅದನ್ನು ಮುಚ್ಚಿಡಲು ಜೊತೆಗೆ ತಂದಂಥವು.

ಇದಾವುದೂ ಗೊತ್ತಿಲ್ಲದ ನಾನು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ಆ್ಯಪಿಗೆ ಮೊದಲ ಫೋಟೋ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು, ಓದಿದರೆ ನಗಬೇಕೋ ಅಳಬೇಕೋ ತಿಳಿಯದು. ಬೋರ್ಡಿನ ಮೂಲೆಯಲ್ಲಿ ದಿನದ ಹಾಜರಿ ಬರೆದಿರುತ್ತಾರಲ್ಲ, ಅದನ್ನೂ ಪತ್ರದೊಳಗೆ ಎಳೆದುಕೊಂಡಿತ್ತು. "ನಿನ್ನ ಭಾವನಿಗೆ ಹಾಜರಿ ಇಪ್ಪತ್ತೇಳು ಮೊಣಕಾಲು ನೋವು" ಅಂತ ಒಂದು ಸಾಲು. ಮೇಲೆ ಗೋಡೆಯಲ್ಲಿ ಅಂಟಿಸಿದ ವರ್ಣಮಾಲೆಯ ಪಟವನ್ನೂ ಬಿಟ್ಟಿರಲಿಲ್ಲ. ಸರಿಯಾಗಿ ಒರೆಸದ ಗಣಿತದ ಪಾಠ ಸೀಮೆಸುಣ್ಣದ ಅಡಿಯಿಂದ ಮಸುಕಾಗಿ ಕಾಣುತ್ತಿತ್ತು, ಅದನ್ನೂ ಅಕ್ಕನ ಬಾಯಿಗೇ ಹಾಕಿತ್ತು. ನಿಮಿಷದಲ್ಲಿ ಆಗುತ್ತೆ ಅನ್ನುವವರಿಗೆಲ್ಲ ಆ ಪುಟ ಕಟ್ಟು ಹಾಕಿಸಿ ಕೊಡಬೇಕು ಅನ್ನಿಸಿತು. ಬೈಯುತ್ತಲೇ ಒಂದೊಂದು ಸಾಲನ್ನೂ ಫೋಟೋದ ಪಕ್ಕ ಇಟ್ಟು ತಿದ್ದಿದೆ.

ಆದರೆ ಎರಡನೆಯ ದಿನಕ್ಕೆ ಬೈಗುಳ ನಿಂತುಹೋಯಿತು. ಆ ಅಕ್ಕನ ಬರವಣಿಗೆಯೇ ಹಾಗಿತ್ತು. ಪೀಠಿಕೆ ಇಲ್ಲ, ಉಪಚಾರ ಇಲ್ಲ, 'ತಂಗೀ' ಅಂತ ಕರೆದು ನೇರ ವಿಷಯಕ್ಕೆ. ಮೂರನೇ ಇಯತ್ತೆಯ ಹುಡುಗನೊಬ್ಬ ಕಂಪಾಸಿನ ಡಬ್ಬಿಯಲ್ಲಿ ಹಲ್ಲಿ ತಂದದ್ದು. ಬಿಸಿಯೂಟದ ದಿನ ಮೊಟ್ಟೆ ಬೇಡ ಅನ್ನುವ ಹುಡುಗಿ ಪಕ್ಕದವಳ ಮೊಟ್ಟೆಯ ಹಳದಿ ಮಾತ್ರ ತಿನ್ನುವುದು. "ನಿಮ್ಮಲ್ಲಿ ವಿಮಾನ ಮನೆಯ ನೆತ್ತಿಯ ಮೇಲೇ ಇಳಿಯುತ್ತದಂತಲ್ಲ, ನಿದ್ದೆ ಹೇಗೆ ಬರುತ್ತದೆ? ಇಲ್ಲಿ ನನಗೆ ನಿನ್ನ ಭಾವನ ಗೊರಕೆಯೇ ಸಾಕಾಗಿದೆ" ಅಂತ ಒಂದು ಪತ್ರ. ಪ್ರತಿ ಪತ್ರದಲ್ಲೂ ಎಲ್ಲಾದರೂ ಒಂದು ಕಡೆ, ರಜೆ ಸಿಗುತ್ತದೋ ನೋಡು. ಆ ಹೆಂಗಸು ಇನ್ನಿಲ್ಲ ಅನ್ನುವುದು ನೆನಪಾಗಿ, ಕಂಡರಿಯದವರಿಗಾಗಿ ನಾನು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೂ ಉಂಟು.

ಇಲ್ಲಿ ನನ್ನ ಹಳೆಯ ಅಂಗಡಿಯ ಬಗ್ಗೆ ಹೇಳಬೇಕು, ಯಾಕೆಂದರೆ ತಪ್ಪು ಅಲ್ಲಿಂದ ಬಂತು. ನಮ್ಮಲ್ಲಿಗೆ ಬರುತ್ತಿದ್ದ ಕಾಗದಗಳೆಲ್ಲ ಕಾಫಿ ಚೆಲ್ಲಿದವು, ಜೇಬಿನಲ್ಲಿ ಬೆವತು ಮಡಿಕೆ ಹರಿದವು. ಒಂದು ಸಾಲು ಕಾಣದಿದ್ದರೆ ಹೊಸಬರು ಕೈಯೆತ್ತಿ ಕೂರುತ್ತಿದ್ದರು. ಅಂಗಡಿಯ ಸಾಹುಕಾರರು ಗದರುತ್ತಿದ್ದರು: "ಕಾಣ್ಲಿಲ್ಲ ಅಂತ ನಿಲ್ಬೇಡ. ಕೇಳೋಣ ಅಂದ್ರೆ ಆ ಮನುಷ್ಯ ಕಾಫಿಗೆ ಹೋಗಿರ್ತಾನೆ. ಹಿಂದೆ ಮುಂದೆ ನೋಡಿ ತುಂಬ್ಸು." ತುಂಬಿಸಬಹುದಿತ್ತು, ಯಾಕೆಂದರೆ ಅರ್ಜಿಗಳೆಲ್ಲ ಒಂದೇ ಅಚ್ಚಿನವು. 'ತಮ್ಮಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುವುದೇನೆಂದರೆ' ಅನ್ನುವುದಕ್ಕೆ ಕಣ್ಣು ಬೇಕಿರಲಿಲ್ಲ, ಬೆರಳೇ ಸಾಕಿತ್ತು. ಜೈಲಿನಲ್ಲಿದ್ದ ಮಕ್ಕಳಿಗೆ ಪತ್ರ ಬರೆಸಲು ಓದು ಬಾರದ ತಾಯಂದಿರು ಬರುತ್ತಿದ್ದರು. ಅವರು ಬಾಯಿ ಬಿಡುವ ಮೊದಲೇ ನನ್ನ ಬೆರಳು 'ಇಲ್ಲಿ ನಾವೆಲ್ಲ ಕ್ಷೇಮ, ನಮ್ಮ ಬಗ್ಗೆ ಏನೂ ಯೋಚನೆ ಮಾಡಬೇಡ' ಅಂತ ಹೊಡೆದು ಮುಗಿಸಿರುತ್ತಿತ್ತು. ಅವರಲ್ಲಿ ಒಬ್ಬರ ಮನೆಯಲ್ಲೂ ಕ್ಷೇಮವಿರುತ್ತಿರಲಿಲ್ಲ, ಆದರೆ ಆ ಸಾಲು ತೆಗೆಯಿರಿ ಅಂತ ಯಾರೂ ಹೇಳಿದ್ದಿಲ್ಲ.

ಗುರುವಾರ ಹದಿನಾಲ್ಕನೆಯದಕ್ಕೆ ಬಂದೆ. ಆ ದಿನ ಬೋರ್ಡಿನ ಪಕ್ಕದ ಕಿಟಕಿ ತೆಗೆದಿತ್ತೇನೋ, ಬಿಸಿಲು ಅಡ್ಡಲಾಗಿ ಬಿದ್ದಿತ್ತು. 'ತಂಗೀ' ಅನ್ನುವುದು ಕಾಣುತ್ತದೆ. ಅದರ ಕೆಳಗೆ ಎರಡು ಸಾಲಿನ ಜಾಗ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಆ ಬಿಳುಪು ಮುಗಿಯುವ ತುದಿಯಲ್ಲಿ 'ಮಾಡಬೇಡ' ಅನ್ನುವ ಒಂದು ಪದ. ಆಮೇಲೆ ಎಲ್ಲ ಸ್ಪಷ್ಟ: ರಜೆ ಸಿಗುತ್ತದೋ ನೋಡು, ಮಕ್ಕಳ ಪರೀಕ್ಷೆ ಹತ್ತಿರ ಬಂತು, ಹೊಸ ಹೆಡ್‌ಮಾಸ್ತರರು ಒಳ್ಳೆಯವರು, ನಾನು ಕೂತು ಪಾಠ ಮಾಡಿದರೂ ಏನೂ ಅನ್ನುವುದಿಲ್ಲ. ಆ್ಯಪ್ ಬಿಳಿಯ ಜಾಗವನ್ನು ಹಾರಿಸಿ 'ತಂಗೀ ಮಾಡಬೇಡ' ಅಂತ ಕೊಟ್ಟಿತ್ತು.

ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ಮಣಿಕಟ್ಟು ಚುಚ್ಚುತ್ತಿತ್ತು. ಇದೊಂದು ಮುಗಿದರೆ ಆಯಿತು ಅನ್ನುವ ಆತುರ. ಎದ್ದು ಒಲೆ ಆರಿಸಿ ಬಂದು ನೋಡಿದರೆ ತೆರೆಯ ಮೇಲೆ ಪತ್ರ ಪೂರ್ತಿಯಾಗಿತ್ತು: 'ತಂಗೀ, ಇಲ್ಲಿ ನಾವೆಲ್ಲ ಕ್ಷೇಮ. ನನ್ನ ಬಗ್ಗೆ ಏನೂ ಯೋಚನೆ ಮಾಡಬೇಡ. ರಜೆ ಸಿಗುತ್ತದೋ ನೋಡು.' ಅದನ್ನು ಯಾವಾಗ ಹೊಡೆದೆ ಅನ್ನುವುದು ಈಗಲೂ ನನಗೆ ನೆನಪಿಲ್ಲ. ಬೆರಳು ಬರೆಯಿತು, ನಾನಲ್ಲ ಅಂದರೆ ಯಾರು ನಂಬುತ್ತಾರೆ? ಓದಿಕೊಂಡು ಹೋದರೆ ಎಲ್ಲೂ ತಡೆಯಲಿಲ್ಲ, ಅಂದರೆ ಸರಿಯಾಗಿದೆ ಅಂತ ಲೆಕ್ಕ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಪಿನ್ ಹೊಡೆದೆ.

ಶನಿವಾರ ಅವಳು ಬಂದಳು. ಕೆಳಗಿನ ಮಾಮಕ್ ಅಂಗಡಿಯಿಂದ, ಇಲ್ಲಿ ತಮಿಳು ಮುಸ್ಲಿಮರ ಹೋಟೆಲಿಗೆ ಹಾಗನ್ನುತ್ತಾರೆ, ನನಗೂ ಅಂತ ರೊಟ್ಟಿ, ಸಾಂಬಾರು ಕಟ್ಟಿಸಿಕೊಂಡು ತಂದಿದ್ದಳು. ಪೊಟ್ಟಣ ಮೇಜಿನ ಮೇಲಿಟ್ಟವಳೇ ಹಾಳೆ ತಗೊಂಡು ಸೀದಾ ಕೊನೆಯ ಪುಟಕ್ಕೆ ಹೋದಳು. ಬೆರಳಿಟ್ಟು ಓದತೊಡಗಿದಳು. ತಂ-ಗೀ. ಇ-ಲ್ಲಿ. ನಾ-ವೆ-ಲ್ಲ. ಕ್ಷೇಮ ಅನ್ನುವಲ್ಲಿ ನಿಂತು, ನನ್ನ ಮುಖ ನೋಡಿ, "ಕ್ಷೇಮ ಅಂದ್ರೆ ಚೆನ್ನಾಗಿದೀವಿ ಅಂತ ತಾನೇ ಆಂಟಿ?" ಅಂದಳು. ಹೌದಮ್ಮ ಅಂದೆ. ಮುಂದಿನ ಸಾಲನ್ನೂ ಮುಗಿಸಿ ಅವಳು ಹಾಳೆಯನ್ನು ಎದೆಗೆ ಒತ್ತಿಕೊಂಡು ಅತ್ತ ರೀತಿಗೆ ನಾನು ಗಾಬರಿಯಾದೆ. ಎಲ್ಲ ಹೇಳಿದ್ದು ಆಗಲೇ. ಹೃದಯ ಒತ್ತಿದ್ದು, ಓದದೆ ಇದ್ದದ್ದು, ತುಂಬಿದ ಮನೆಯಲ್ಲಿ ಭಾವ ಕೇಳಿದ್ದು.

"ಅಕ್ಕ ಕರೆದಿರ್ಲಿಲ್ಲ ಆಂಟಿ. ರಜೆ ನೋಡು ಅನ್ನೋದು ಫೋನಲ್ಲೂ ಯಾವಾಗ್ಲೂ ಹೇಳ್ತಿದ್ದ ಮಾತೇ. ಚೆನ್ನಾಗಿದೀನಿ ಅಂತಾನೇ ಬರೆದಿದ್ಲು. ನಾನು ಸುಳ್ಳು ಹೇಳಿರ್ಲಿಲ್ಲ."

ಅಲ್ಲೇ ಕೂತು ಭಾವನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಆ ಎರಡು ಸಾಲು ಓದಿ ಹೇಳಿದಳು. ಅವರು ಇನ್ನೊಂದು ಸಲ ಓದು ಅಂದರು. ಆಮೇಲೆ, "ಹಂಗಾರ ಅಕಿ ನಿನಗ ಹೇಳೇ ಇಲ್ಲ ಬಿಡವಾ. ಮಂದಿ ಮುಂದ ನಾ ಸುಮ್ಮ ನಿನಗ ಅಂದೆ. ಮನಸಿಗೆ ಹಚ್ಕೋಬ್ಯಾಡ" ಅಂದರು. ಅವರ ಧ್ವನಿಯೂ ಹಗುರಾಗಿತ್ತು. ಅವಳು ಹೋದ ಮೇಲೆ ನಾನು ಆ ರೊಟ್ಟಿಯನ್ನು ಹೆಮ್ಮೆಯಿಂದ ತಿಂದೆ. ಹದಿನೆಂಟು ವರ್ಷ ಕುಟ್ಟಿದ್ದಕ್ಕೆ ಕೊನೆಗೂ ಒಂದು ಒಳ್ಳೆಯ ಕೆಲಸವಾಯಿತು ಅಂತ ಗಂಡನ ಹತ್ತಿರ ಕೊಚ್ಚಿಕೊಂಡೂ ಆಯಿತು.

ಮರುದಿನ ಬೆಳಿಗ್ಗೆ ಇನ್ನೊಂದು ಉತ್ಸಾಹ ಹುಟ್ಟಿತು. ಎಡಕ್ಕೆ ಬೋರ್ಡಿನ ಫೋಟೋ, ಬಲಕ್ಕೆ ಅಚ್ಚು ಅಕ್ಷರ, ಹೀಗೆ ಹೊಂದಿಸಿ ಒಂದು ಪುಟ್ಟ ಪುಸ್ತಕ ಮಾಡಿ ಕೊಡೋಣ ಅಂತ. ಹದಿಮೂರು ಪುಟ ಸರಾಗವಾಗಿ ಆಯಿತು. ಹದಿನಾಲ್ಕನೆಯದರಲ್ಲಿ ಎಡಕ್ಕೆ ಬಿಳಿಯ ಪಟ್ಟಿ, ಬಲಕ್ಕೆ ಎರಡು ತುಂಬು ಸಾಲು. ನನಗೆ ಮೊದಲು ಅರ್ಥವೇ ಆಗಲಿಲ್ಲ, ಬೇರೆ ಫೋಟೋ ನೋಡಿ ಹೊಡೆದಿದ್ದೆನೇನೋ ಅಂದುಕೊಂಡೆ. ಹುಡುಕಿದೆ, ಬೇರೆ ಫೋಟೋ ಇರಲಿಲ್ಲ. ಆಮೇಲೆ 'ಇಲ್ಲಿ ನಾವೆಲ್ಲ ಕ್ಷೇಮ' ಅನ್ನುವುದನ್ನು ಮತ್ತೆ ಓದಿದೆ. ಆ ಮಾತು ಯಾರದು ಅಂತ ಆಗ ಗೊತ್ತಾಯಿತು. ಉಳಿದ ಹದಿಮೂರು ಪತ್ರಗಳಲ್ಲಿ ಆ ಅಕ್ಕ ಒಂದು ಸಲವೂ ಕ್ಷೇಮ ಅನ್ನುವ ಪದ ಬರೆದವರಲ್ಲ.

ಆ ಇಡೀ ದಿನ ಆ ಬಿಳಿ ಪಟ್ಟಿಯ ಹಿಂದೆ ಬಿದ್ದೆ. ಫೋಟೋವನ್ನು ಕಪ್ಪು ಮಾಡಿ ನೋಡಿದೆ, ಬಿಳುಪನ್ನು ತಿರುಗಿಸಿ ಕಪ್ಪಾಗಿಸಿದೆ, ಅಗಲಿಸಿದೆ. ದೊಡ್ಡದು ಮಾಡಿದಷ್ಟೂ ಚೌಕ ಚೌಕದ ಚೂರು. ಒಂದು ಕಡೆ ಒತ್ತಕ್ಷರದ ಬಾಲದ ಹಾಗೆ ಏನೋ ಕಂಡಿತು, ಇನ್ನಷ್ಟು ನೋಡಿದರೆ ಅದು ಬೋರ್ಡಿನ ಬಿರುಕು. ಬೇರೆ ಬೇರೆ ಆ್ಯಪಿಗೆ ಕೊಟ್ಟೆ. ಒಂದು ಏನೂ ಇಲ್ಲ ಅಂತು. ಹೊಸತಾಗಿ ಬಂದ, ಬುದ್ಧಿ ಜಾಸ್ತಿ ಇದೆ ಅಂತ ಎಲ್ಲರೂ ಹೊಗಳುವ ಇನ್ನೊಂದು, ತಡವರಿಸದೆ ಒಂದು ಇಡೀ ವಾಕ್ಯ ಬರೆದು ಕೊಟ್ಟಿತು: 'ನೀನು ಸಂತೋಷವಾಗಿದ್ದೀಯೆಂದು ಭಾವಿಸುತ್ತೇನೆ, ಚಿಂತೆ ಮಾಡಬೇಡ.' ಇನ್ನೊಮ್ಮೆ ಕೇಳಿದರೆ ಇನ್ನೊಂದು ವಾಕ್ಯ. ಅದೂ ನಮ್ಮ ಸಾಹುಕಾರರ ಶಿಷ್ಯನೇ. ಅದನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ.

ಅವಳಿಗೆ ಏನೂ ಹೇಳದೆ, ಪುಸ್ತಕಕ್ಕೆ ಬೇಕು, ಅಕ್ಕನ ಫೋನಿನಲ್ಲಿ ಮೂಲ ಫೋಟೋ ಇರಬಹುದಾ ಕೇಳಮ್ಮ ಅಂದೆ. ಕೇಳಿದಳು. ಆ ಫೋನನ್ನು ಅಕ್ಕನ ಮಗ ಎಲ್ಲ ಅಳಿಸಿ ಈಗ ಕಾಲೇಜಿಗೆ ಇಟ್ಟುಕೊಂಡಿದ್ದಾನಂತೆ. ಬೋರ್ಡನ್ನಂತೂ ಅಕ್ಕನೇ ಒರೆಸಿದ್ದರು. ಲೋಕದಲ್ಲಿ ಆ ಎರಡು ಸಾಲು ಇನ್ನೆಲ್ಲೂ ಇರಲಿಲ್ಲ.

ಗಂಡನಿಗೆ ಹೇಳಿದೆ. ಅವರು ಚಹಾ ಹೀರುತ್ತಾ ಎಲ್ಲ ಕೇಳಿ, "ಬಿಡೇ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನೀನು ಒಂದು ಸುಳ್ಳಲ್ಲಿ ಎರಡು ಮನೆ ಒಂದು ಮಾಡಿದೀಯ. ಯಾರಿಗೇನು ನಷ್ಟ?" ಅಂದರು. ನಾನು ಸಿಟ್ಟಿನಿಂದ, ಆ ಹುಡುಗಿ ಕೇಳಿದ್ದು ಸುಳ್ಳನ್ನಲ್ಲ ಅಂದೆ. "ಹಾಗಾದ್ರೆ ಹೋಗಿ ನಿಜ ಹೇಳು. ಏನು ನಿಜ ಹೇಳ್ತೀಯ? ನಿನಗೆ ಗೊತ್ತಾ?" ಅಂದರು. ಅವರ ಮೇಲೆ ಇನ್ನೂ ಸಿಟ್ಟು ಬಂತು, ಯಾಕೆಂದರೆ ಅವರು ಕೇಳಿದ್ದು ಸರಿಯಾಗಿತ್ತು.

ಎರಡು ವಾರ ನಾನು ಲಿಫ್ಟಿಗೆ ಹೆದರಿಕೊಂಡು ಓಡಾಡಿದೆ. ಸಿಕ್ಕಾಗಲೆಲ್ಲ ಅವಳು ನಗುತ್ತಿದ್ದಳು. ಈಗ ದಿನಾ ಒಂದು ಪತ್ರ ಓದುತ್ತಿದ್ದಾಳಂತೆ, ಹಲ್ಲಿಯ ಪತ್ರಕ್ಕೆ ನಕ್ಕೂ ನಕ್ಕೂ ಸಾಕಾಯಿತಂತೆ. ಒಂದು ದಿನ ಏಳನೇ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ, "ನೋಡಿ ಆಂಟಿ, ಈಗ ತಡವರಿಸದೆ ಬರುತ್ತೆ" ಅಂತ ಆ ಎರಡು ಸಾಲನ್ನು ಬಾಯಿಪಾಠ ಒಪ್ಪಿಸಿದಳು. ಭೇಷ್ ಅಂದೆ. ನನ್ನ ಆ ನಾಲಗೆಗೆ ಬರೆ ಹಾಕಬೇಕು.

ಮುಂದಿನ ವಾರ ಅವಳು ತಾನಾಗಿ ಮೇಲೆ ಬಂದಳು. ಅಕ್ಕನ ಶಾಲೆಯಲ್ಲಿ ಒಂದು ನೆನಪಿನ ಸಭೆ ಇಟ್ಟಿದ್ದಾರೆ. ಅಕ್ಕ ಪಾಠ ಮಾಡುತ್ತಿದ್ದ ಕೋಣೆಯಲ್ಲೇ, ಅದೇ ಬೋರ್ಡಿನ ಮೇಲೆ, ಅವರ ಕೊನೆಯ ಪತ್ರದ ಸಾಲು ಬರೆಸುತ್ತಾರಂತೆ. ಭಾವನೇ ಹೆಡ್‌ಮಾಸ್ತರರಿಗೆ ಹೇಳಿದ್ದು. "ಇಲ್ಲಿ ನಾವೆಲ್ಲ ಕ್ಷೇಮ. ಎಷ್ಟು ಚೆನ್ನಾಗಿದೆ ಅಲ್ವಾ ಆಂಟಿ, ಅವಳೇ ಮೇಲಿಂದ ಹೇಳೋ ಹಾಗೆ? ನೀವು ಸ್ಪೆಲಿಂಗ್ ಕರೆಕ್ಟಾಗಿ ಒಂದು ಕಾಪಿ ಕಳಿಸಿಬಿಡಿ" ಅಂದಳು.

ಜೈಲಿನ ಹುಡುಗರಿಗೆಲ್ಲ ನಾನು ಹೊಡೆದು ಕಳಿಸುತ್ತಿದ್ದ ಸಾಲು ಆ ಅಕ್ಕನ ಬೋರ್ಡಿನ ಮೇಲೆ. ಆ ಮಕ್ಕಳ ಎದುರು. ಅಲ್ಲಿಗೆ ನನ್ನಿಂದ ಆಗಲಿಲ್ಲ. ಮಾತು ಜೋಡಿಸಿಕೊಳ್ಳಲೂ ಆಗದೆ, "ಅದು ನಿಮ್ಮಕ್ಕ ಬರೆದಿದ್ದಲ್ಲಮ್ಮ, ನಾನು ಬರೆದಿದ್ದು" ಅಂದುಬಿಟ್ಟೆ.

ಅವಳಿಗೆ ತಿಳಿಯಲಿಲ್ಲ. ಲ್ಯಾಪ್‌ಟಾಪ್ ತೆಗೆದು ಫೋಟೋ ತೋರಿಸಿದೆ. ಅಂಗಡಿಯ ಅಭ್ಯಾಸ ಹೇಳಿದೆ, ಬೇಳೆ ಉಕ್ಕಿದ್ದನ್ನು ಹೇಳಿದೆ, ಕ್ಷಮಿಸು ಅಂತ ಎಷ್ಟು ಸಲ ಅಂದೆನೋ ಗೊತ್ತಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಬಿಳಿಯ ಪಟ್ಟಿಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಅಲ್ಲಿ ಏನಿತ್ತು ಆಂಟಿ?"

"ಗೊತ್ತಿಲ್ಲಮ್ಮ. ಕೊನೇಲಿ ಮಾಡಬೇಡ ಅಂತ ಇದೆ. ಅಷ್ಟೇ ಕಾಣೋದು."

"ಏನು ಮಾಡಬೇಡ?" ಅಂದಳು. ಅವಳೇ ನಿಧಾನವಾಗಿ ಹೇಳಿಕೊಂಡಳು: "ಯೋಚನೆ ಮಾಡಬೇಡ ಅಂತಾನೂ ಇರಬಹುದು. ತಡ ಮಾಡಬೇಡ ಅಂತಾನೂ ಇರಬಹುದು."

ಅಕ್ಷರ ಕಾಣುವಂತೆ ಮಾಡುವುದೊಂದೇ ನನ್ನ ವಿದ್ಯೆ, ಅದೂ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಅವಳೇ ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು ಆ ಎರಡು ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. 'ಮಾಡಬೇಡ' ಅನ್ನುವುದನ್ನು ಮಾತ್ರ ಉಳಿಸಿದಳು. ಆಮೇಲೆ ಫೋನ್ ತೆಗೆದು, ಸ್ಪೀಕರ್ ಹಾಕಿ ಭಾವನಿಗೆ ಹಚ್ಚಿದಳು. ಬೇಡಮ್ಮ, ಯೋಚಿಸಿ ಮಾಡು ಅಂದೆ. ಅಷ್ಟರಲ್ಲಿ ಅವರು ಎತ್ತಿದ್ದರು.

"ಭಾವ, ಬೋರ್ಡ್ ಮೇಲೆ ಆ ಸಾಲು ಬರೆಸಬೇಡಿ. ಅದು ಅಕ್ಕ ಬರೆದಿದ್ದಲ್ಲ."

"ಹಂಗಂದ್ರ? ಮತ್ತ ಯಾರು ಬರದ್ರು?"

ನಾನು ಅಂತ ಹೇಳಲು ಬಾಯಿ ತೆರೆದೆ. ಅವಳು ನನ್ನ ಕೈ ಒತ್ತಿ ಹಿಡಿದು ತಡೆದಳು. "ಫೋಟೋದಲ್ಲಿ ಆ ಜಾಗ ಕಾಣಲ್ಲ ಭಾವ. ಟೈಪ್ ಮಾಡುವಾಗ ತಪ್ಪಾಗಿದೆ. ವಿಷಯ ಅದಲ್ಲ. ಅಕ್ಕ ನನ್ನ ಕರೆದಿದ್ಲೋ ಏನೋ. ನಾನು ಅದನ್ನ ಓದಿರಲಿಲ್ಲ."

"ಆ ಪತ್ರ ಓದಿರಲಿಲ್ಲೇನು?"

"ಯಾವುದನ್ನೂ ಓದಿರಲಿಲ್ಲ. ಒಂದನ್ನೂ ಇಲ್ಲ. ನನಗೆ ಕನ್ನಡ ಸರಿಯಾಗಿ ಓದೋಕೆ ಬರಲ್ಲ ಭಾವ. ಅಕ್ಕಂಗೆ ಹೇಳೋಕೆ ನಾಚಿಕೆ ಆಗ್ತಿತ್ತು."

ಆಚೆ ಕಡೆ ಯಾವುದೋ ಬಸ್ಸು ಹಾರ್ನ್ ಹಾಕುತ್ತಾ ಹೋಯಿತು. ಅವರು ಬೈಯುತ್ತಾರೆ, ಫೋನ್ ಇಟ್ಟುಬಿಡುತ್ತಾರೆ ಅಂತ ನಾನು ಕಾದೆ. ಅವರು ಮೆಲ್ಲಗೆ ಮಾತಾಡಿದರು.

"ಅಕಿಗೆ ಗೊತ್ತಿತ್ತಲ್ಲವಾ. ಹಾಳಿ ಮ್ಯಾಲ ಬರದ್ರ ನನ್ನ ತಂಗಿಗೆ ಓದಾಕ ಬರಂಗಿಲ್ಲ, ಅಕಿಗೆ ಒಂದನೇ ಇಯತ್ತೆ ಹುಡುಗರಿಗೆ ಬರದಂಗ ದೊಡ್ಡದಾಗಿ ಬರೀಬೇಕು ಅಂತಿದ್ಲು. ಅದಕ್ಕ ಬೋರ್ಡಿನ ಮ್ಯಾಲ ಬರೀತಿದ್ಲು. ಕಡೀ ಸಲ ಕೈ ಎತ್ತಾಕ ಆಗವಲ್ದು, ಕುರ್ಚಿ ಹತ್ತಿ ಬರದ್ಲು, ಹಿಡಕೊಂಡ ನಾನ ನಿಂತಿದ್ದೆ. ಏನ ಬರದ್ಲು ಅಂತ ನಾ ನೋಡಲಿಲ್ಲ ತಂಗೀ. ಅಕ್ಕ ತಂಗಿ ಮಾತು ಅಂತ ಮಾರಿ ಆ ಕಡೆ ಮಾಡಿದ್ದೆ."

ಅವಳು ಫೋನನ್ನು ಮೇಜಿನ ಮೇಲಿಟ್ಟು ಲ್ಯಾಪ್‌ಟಾಪಿನಲ್ಲಿ ಆ ಫೋಟೋ ಮತ್ತೆ ತೆರೆದಳು. "ತಂಗೀ, ಅದಿಯೇನು?" ಅಂತ ಅವರು ಎರಡು ಸಲ ಕೇಳಿದರು. ಮೂರನೆಯ ಸಲ ನಾನೇ ಫೋನ್ ತಗೊಂಡು, ಇದ್ದಾಳೆ, ಇಲ್ಲೇ ಇದ್ದಾಳೆ ಅಂದೆ.